ಗದ್ದದ ಕೆಳಗಿನ ಪುಸ್ತಕ

"ಎಲ್ಲಾ ಹಾಗ್ಹಾಗೇ ಇದೆ ಕಣಯ್ಯ," ಎಂದು ಓಡ್ವಾರ್ ಹೇಳಿದ್ದು ರಾಗ್ನಾಳಿಗಲ್ಲ. ಮಗುಚಿಹಾಕಿದ ಕೈಗಾಡಿಯ ಮೇಲೆ ಕೂತು ಬೂಟಿನ ಮಣ್ಣನ್ನು ಕಡ್ಡಿಯಲ್ಲಿ ಕೆರೆಯುತ್ತ, ಪಕ್ಕದಲ್ಲಿ ನಿಂತಿದ್ದ ಸ್ವೆನ್ನುಂಗನಿಗೆ ಹೇಳುತ್ತಿದ್ದ. ಓಡ್ವಾರ್ ತೂನವಿಕ್ ಚರ್ಚಿನ ಗುಂಡಿ ತೋಡುವವನು, ಸ್ವೆನ್ನುಂಗ್ ಊರಿನ ದೊಡ್ಡ ಜಮೀನಿನ ಯಜಮಾನ. ಇಬ್ಬರೂ ರಾಗ್ನಾಳ ಶಾಲೆಯಲ್ಲಿ ಕಲಿತವರು, ಇಬ್ಬರಿಗೂ ಮೆಲ್ಲಗೆ ಮಾತಾಡಲು ಕಲಿಸುವುದು ಅವಳಿಂದ ಆಗಿರಲಿಲ್ಲ. "ಆಗೆಲ್ಲ ಹೆಣಾನ ಪ್ಲಾಸ್ಟಿಕ್ಕಲ್ಲಿ ಸುತ್ತಿ ಪೆಟ್ಟಿಗೇಲಿ ಇಡ್ತಿದ್ರಲ್ಲ. ಗಾಳಿ ಇಲ್ಲ, ನೀರಿಲ್ಲ, ಹುಳ ಇಲ್ಲ. ಮಣ್ಣು ಏನ್ ತಿನ್ನತ್ತೆ? ನಿನ್ನೆ ಈ ಸಾಲಲ್ಲಿ ಮೊದಲನೇದನ್ನ ತೆಗೆದ್ವಿ, ಎಪ್ಪತ್ಮೂರನೇ ಇಸ್ವಿದು. ಬಾಚಣಿಗೆ ಹಲ್ಲು ಎಣಿಸ್ಬಹುದಿತ್ತು. ಗದ್ದದ ಕೆಳಗೆ ಕೀರ್ತನೆ ಪುಸ್ತಕ ಇತ್ತು ನೋಡು, ಬಿಡಿಸಿದ್ರೆ ಒಂದೊಂದು ಅಕ್ಷರಾನೂ ಓದ್ಬಹುದಿತ್ತು." ಎರಡು ಮಾರು ದೂರದಲ್ಲಿ, ಅಪ್ಪನ ಗೋರಿಯ ಮುಂದೆ, ಹೋದ ವರ್ಷದ ಎಲೆಗಳನ್ನು ಗೋರುತ್ತಿದ್ದ ರಾಗ್ನಾಳ ಕೈ ನಿಂತಿತು. ನಿಂತದ್ದು ಯಾರಿಗಾದರೂ ಕಂಡೀತು ಎಂದು ಮತ್ತೆ ಗೋರತೊಡಗಿದಳು. ಎಲೆ ಇಲ್ಲದ ಕಡೆ ಗೋರುತ್ತಿದ್ದಳು.

ಮಾರ್ಚಿನಲ್ಲಿ ಚರ್ಚಿನ ಕಚೇರಿಯಿಂದ ಕಾಗದ ಬಂದಾಗ ಅವಳಿಗೆ ಏನೂ ಅನಿಸಿರಲಿಲ್ಲ. ಸ್ಮಶಾನದ ಕೆಳಗೋಡೆ ಫ್ಯೋರ್ಡಿನ ಕಡಲ ನೀರಿನ ಕಡೆಗೆ ವಾಲಿದೆ, ಅದನ್ನು ಕಿತ್ತು ಕಟ್ಟಬೇಕು, ಆದ್ದರಿಂದ ಕೊನೆಯ ಸಾಲಿನ ಎಂಟು ಗೋರಿಗಳನ್ನು ಮೇಲಿನ ಜಾಗಕ್ಕೆ ಸಾಗಿಸುತ್ತೇವೆ, ತಮ್ಮ ಒಪ್ಪಿಗೆ ಬೇಕು. ಸಹಿ ಹಾಕಿ ಕಳಿಸಿದ್ದಳು. ಮೂವತ್ತೆಂಟು ವರ್ಷವಾಗಿತ್ತು ಅಪ್ಪ ಹಾಲ್ವರ್ ಸತ್ತು. ಈ ಊರಿನ ಮಣ್ಣು ಹಸಿ ಜೇಡಿ, ಇಪ್ಪತ್ತು ವರ್ಷದಲ್ಲಿ ಮರವನ್ನೂ ಮನುಷ್ಯನನ್ನೂ ಒಂದು ಮಾಡುತ್ತದೆ ಎಂದು ಊರಿನ ಚರಿತ್ರೆಯ ಪುಸ್ತಕದಲ್ಲಿ ಬರೆದವಳೇ ಅವಳು. ಎರಡು ಸಂಪುಟ, ಒಂಬತ್ತು ವರ್ಷದ ಕೆಲಸ. ಯಾವ ಮನೆಗೆ ಚರ್ಚಿನಲ್ಲಿ ಯಾವ ಬೆಂಚು, ಮಹಾಮಾರಿ ಬಂದ ವರ್ಷ ಎಷ್ಟು ಮನೆಯ ಹೊಗೆ ನಿಂತಿತು, ಯಾವ ಪಾದ್ರಿ ಕುಡುಕ, ಯಾವನ ಕುದುರೆಗೆ ಏನು ಹೆಸರು, ಎಲ್ಲಾ ಅವಳಿಗೆ ಬಾಯಿಪಾಠ. ಪ್ಲಾಸ್ಟಿಕ್ಕು ಮಾತ್ರ ನೆನಪಿಗೆ ಬಂದಿರಲಿಲ್ಲ. ಅವಳ ಕಣ್ಣ ಮುಂದೆಯೇ ಅಲ್ಲವೇ ಆ ಹಾಳೆಯನ್ನು ಸುರುಳಿಯಿಂದ ಎಳೆದದ್ದು? ಪೆಟ್ಟಿಗೆಯವನು ಬಾಗಿಲ ಬಳಿ ನಿಂತು ಕತ್ತರಿಯಲ್ಲಿ ಕತ್ತರಿಸಿದ್ದು, ಅಮ್ಮ ಅಳುತ್ತಲೇ "ಎಷ್ಟು ಅಚ್ಚುಕಟ್ಟು, ಒಂದು ಹನಿ ಸೋರಲ್ಲ" ಎಂದು ಮೆಚ್ಚಿಕೊಂಡದ್ದು. ಆಗ ಪ್ಲಾಸ್ಟಿಕ್ಕು ಹೊಸದು, ಮರ್ಯಾದಸ್ಥರ ವಸ್ತು. ಇಡೀ ದೇಶವೇ ತನ್ನ ಸತ್ತವರನ್ನು ಹಾಗೆ ಸುತ್ತಿತು. ಮಣ್ಣಿಗೆ ಕೊಡುತ್ತೇವೆ ಎಂದು ಪಾದ್ರಿ ಮೂರು ಸಲ ಮಣ್ಣು ಹಾಕಿದಾಗ, ಆ ಮಣ್ಣು ಪೆಟ್ಟಿಗೆಯ ಮುಚ್ಚಳದ ಮೇಲೆ ಬಿತ್ತು, ಅಷ್ಟೆ.

ಅವಳಿಗೆ ಹೆದರಿಕೆಯಾಯಿತು. ಹೆದರಿಕೆ ಎಂದರೆ ಎದೆ ಹೊಡೆದುಕೊಳ್ಳುವುದಲ್ಲ. ಚಿಕ್ಕ ಹುಡುಗಿಯ ಹಾಗೆ ಉಚ್ಚೆಗೆ ಹೋಗಬೇಕೆನಿಸಿತು. ಎಪ್ಪತ್ತು ವರ್ಷದ ಹೆಂಗಸು, ಊರವರೆಲ್ಲ ಟೀಚರ್ ಅನ್ನುವವಳು, ಸ್ಮಶಾನದ ನಡುವೆ ನಿಂತು ಚರ್ಚಿನ ಶೌಚಾಲಯದ ಬಾಗಿಲು ತೆರೆದಿದೆಯೋ ಇಲ್ಲವೋ ಎಂದು ನೋಡಿದಳು. ಅಲ್ಲಿ ಸಾಲು ನಿಂತಿತ್ತು. ಮೇ ಹದಿನೇಳರ ರಾಷ್ಟ್ರೀಯ ಹಬ್ಬಕ್ಕೆ ಮೊದಲಿನ ಶನಿವಾರ, ಪ್ರತಿ ವರ್ಷದಂತೆ ಊರವರೆಲ್ಲ ಕೂಡಿ ಚರ್ಚಿನ ಅಂಗಳ ಸ್ವಚ್ಛ ಮಾಡುವ ದುಗ್ನಾಡ್. ಬರದಿದ್ದರೆ ಯಾರೂ ಏನೂ ಅನ್ನುವುದಿಲ್ಲ, ಆದರೆ ಬರದವರ ಹೆಸರು ಎಲ್ಲರಿಗೂ ಗೊತ್ತಿರುತ್ತದೆ. ಹೆಂಗಸರು ಕಲ್ಲುಗಳ ಪಾಚಿ ಉಜ್ಜುತ್ತಿದ್ದರು. ಬಿಸಿಲಿತ್ತು. ಎದುರಿನ ಬೆಟ್ಟದ ಮೇಲೆ ಹಿಮ ಇನ್ನೂ ಇತ್ತು. ಅಪ್ಪನ ಕಲ್ಲಿನ ತಲೆಯ ಬಳಿ ಓಡ್ವಾರ್ ಹೊಡೆದಿದ್ದ ಕಬ್ಬಿಣದ ಗೂಟಕ್ಕೆ ಕಟ್ಟಿದ ಕೆಂಪು ಪಟ್ಟಿ ಗಾಳಿಗೆ ಪಟಪಟ ಅನ್ನುತ್ತಿತ್ತು.

ಕೀರ್ತನೆ ಪುಸ್ತಕ ಇಡುವುದು ಸತ್ತವರ ಬಾಯಿ ತೆರೆದುಕೊಳ್ಳದಿರಲಿ ಎಂದು. ತೊಳೆದು, ಬಟ್ಟೆ ಉಡಿಸಿ, ತಲೆದಿಂಬು ಎತ್ತರಿಸಿ, ಅವರದೇ ಪುಸ್ತಕವನ್ನು ಎದೆಗೂ ಗದ್ದಕ್ಕೂ ನಡುವೆ ಒತ್ತಿ ನಿಲ್ಲಿಸುತ್ತಾರೆ. ಹತ್ತಾರು ವರ್ಷ ಹಾಡಿದ ಬಾಯಿಗೆ ಅದೇ ಪುಸ್ತಕದ ಆಸರೆ. ಅಪ್ಪನಿಗೆ ಅದನ್ನು ಮಾಡಬೇಕಾದವಳು ರಾಗ್ನಾ; ಅಮ್ಮನಿಂದ ಆಗಲಿಲ್ಲ. ಪುಸ್ತಕ ಹುಡುಕಲು ಅಪ್ಪನ ಮೇಜಿನ ಕೆಳಗಿನ ಖಾನೆ ಎಳೆದಾಗ ಎರಡು ಸಿಕ್ಕವು, ಒಂದೇ ಅಳತೆಯವು, ಎರಡಕ್ಕೂ ಕಪ್ಪು ರಟ್ಟು. ಒಂದು ಕೀರ್ತನೆಗಳದ್ದು. ಇನ್ನೊಂದು ಹಳೆಯ ಚರ್ಚಿನ ಒಲೆಪುಸ್ತಕ. ಚರ್ಚು ನೋಡಿಕೊಳ್ಳುವವನು, ಆಗ ಅದು ಅಪ್ಪ, ಚಳಿಗಾಲದ ಪ್ರತಿ ಶನಿವಾರ ಎರಡು ಕಬ್ಬಿಣದ ಒಲೆಗಳನ್ನು ಹೊತ್ತಿಸಿ, ಭಾನುವಾರದ ಪ್ರಾರ್ಥನೆಗೆ ಬೆಂಚುಗಳು ಬೆಚ್ಚಗಾಗುವಂತೆ ಮಾಡಬೇಕು. ಎಷ್ಟು ಗಂಟೆಗೆ ಹೊತ್ತಿಸಿದೆ, ಎಷ್ಟು ಸೌದೆ ಹೋಯಿತು, ಬೂದಿ ಎಲ್ಲಿ ಚೆಲ್ಲಿದೆ ಎಂದು ಬರೆದಿಡಬೇಕು. ಅದು ಚರ್ಚಿನ ಜೊತೆ ಸುಟ್ಟುಹೋಯಿತು ಎಂದು ಊರೇ ನಂಬಿತ್ತು. ಅವಳು ಕೊನೆಯ ಹಾಳೆ ಬಿಡಿಸಿದಳು. ಐವತ್ತಮೂರನೆಯ ಇಸವಿ, ಫೆಬ್ರವರಿ ಹದಿನಾಲ್ಕು. ಅಪ್ಪನ ದುಂಡಗಿನ ಅಕ್ಷರ. ಓದಿದಳು. ಪಕ್ಕದ ಕೋಣೆಯಲ್ಲಿ ಅಮ್ಮ ಮೂಗು ಸೀಟುತ್ತಿದ್ದಳು. ರಾಗ್ನಾ ಒಲೆಪುಸ್ತಕವನ್ನು ಬಿಳಿ ಕರವಸ್ತ್ರದಲ್ಲಿ ಸುತ್ತಿ, ಒಳಗೆ ಹೋಗಿ, ಅಪ್ಪನ ಗದ್ದವನ್ನು ಎತ್ತಿ, ಕೆಳಗೆ ಇಟ್ಟಳು.

ಸುಟ್ಟುಬಿಡಬಹುದಿತ್ತು. ಅಡುಗೆಮನೆಯಲ್ಲಿ ಒಲೆ ಉರಿಯುತ್ತಿತ್ತು. ಎಷ್ಟೋ ಸಲ ತನ್ನನ್ನು ತಾನೇ ಕೇಳಿಕೊಂಡಿದ್ದಾಳೆ, ಯಾಕೆ ಸುಡಲಿಲ್ಲ? ಅಪ್ಪನ ಅಕ್ಷರವನ್ನು ಬೆಂಕಿಗೆ ಹಾಕಲು ಕೈ ಬರಲಿಲ್ಲ ಎಂಬುದು ಅವಳು ತನಗೆ ಹೇಳಿಕೊಂಡ ಚಂದದ ಕಾರಣ. ಅದಲ್ಲ. ಸುಟ್ಟರೆ ತಾನು ಮಾಡಿದ ಹಾಗಾಗುತ್ತಿತ್ತು. ಮಣ್ಣಿಗೆ ಹಾಕಿದರೆ ಮಣ್ಣು ಮಾಡಿದ ಹಾಗೆ. ತನ್ನ ಕೈ ಕೊಳೆಯಾಗಬಾರದು, ಕೆಲಸ ಮಾತ್ರ ಆಗಬೇಕು. ಅವಳ ಜೀವಮಾನದ ರೀತಿಯೇ ಅದಾಗಿತ್ತು. ಪುಸ್ತಕದಲ್ಲಿಯೂ ಹಾಗೇ ಬರೆದಳು: "ಬೆಂಕಿಯ ಕಾರಣ ಖಚಿತವಾಗಿ ತಿಳಿಯದು, ಆರ್ಗನ್ನಿನ ತಿದಿ ತುಳಿಯುವ ಎಂಬ್ರಿಕನ ಹೊಗೆಪೈಪಿನಿಂದ ಹೊತ್ತಿತೆಂದು ಜನ ಹೇಳುತ್ತಾರೆ." ಜನ ಹೇಳುತ್ತಾರೆ. ಅವಳು ಹೇಳಲಿಲ್ಲ.

"ಏನೇ, ನಿಂತಲ್ಲೇ ನಿದ್ದೆ ಹೊಡೀತಿದ್ಯಾ?" ಗುನ್ವೋರಳ ದನಿಗೆ ಅವಳ ಕೈಯಿಂದ ಗೋರುಕೋಲು ಜಾರಿಬಿತ್ತು. ಗುನ್ವೋರ್ ಅದನ್ನು ಬಗ್ಗಿ ಎತ್ತಿಕೊಟ್ಟಳು. ಎಂಬ್ರಿಕನ ಮಗಳು, ರಾಗ್ನಾಳಿಗಿಂತ ಒಂದು ವರ್ಷ ದೊಡ್ಡವಳು, ಬೆನ್ನು ಇನ್ನೂ ನೆಟ್ಟಗೆ. "ಕೊಡಿಲ್ಲಿ, ನಿನ್ನಪ್ಪನ ಮುಂದೆ ನಾನೇ ಗೋರ್ತೀನಿ. ಪ್ರತಿ ವರ್ಷ ನಾನೇ ತಾನೆ ಮಾಡೋದು, ನಿನ್ನ ಮಂಡಿ ನೆಚ್ಕೊಂಡ್ರೆ ಆಯ್ತು." ಅದು ನಿಜವಾಗಿತ್ತು. ಗುನ್ವೋರಳ ಅಪ್ಪ ಈ ಮಣ್ಣಿನಲ್ಲಿರಲಿಲ್ಲ. ಹೆರಿಂಗ್ ಮೀನಿನ ಎಣ್ಣೆ ತೆಗೆಯುವ ಯಾವುದೋ ದೂರದ ಕಾರ್ಖಾನೆಯ ಊರಲ್ಲಿ ಮಲಗಿದ್ದ. ಗೋರಲು ಒಂದು ಗೋರಿ ಬೇಕೆಂದು ಅವಳು ಹಾಲ್ವರನದನ್ನು ಹಿಡಿದುಕೊಂಡಿದ್ದಳು.

"ಸೋಮವಾರ ನಾನೂ ಇಲ್ಲೇ ನಿಂತ್ಕೋಬೇಕಂತೆ," ಎಂದಳು ಗುನ್ವೋರ್ ಗೋರುತ್ತ. "ಚರ್ಚಿನ ಸಮಿತಿಯಿಂದ ಒಬ್ರು ಇರ್ಬೇಕಂತೆ, ಪೆಟ್ಟಿಗೇಲಿ ಏನೇನಿದೆ ಪಟ್ಟಿ ಮಾಡೋಕೆ. ಉಂಗುರ, ಕನ್ನಡಕ, ಪುಸ್ತಕ, ಅಂಥದ್ದು. ಪಾದ್ರಿಯಮ್ಮ ನನ್ನ ಹೆಸರೇ ಬರ್ಕೊಂಡಿದ್ದಾಳೆ. ಅಕ್ಷರ ದುಂಡಗಿದೆಯಂತೆ ನನ್ನದು. ಈ ವಯಸ್ಸಲ್ಲಿ ಹೊಗಳ್ಸ್ಕೊಂಡೆ ನೋಡು."

"ಪುಸ್ತಕ ಬಿಡಿಸಿ ನೋಡ್ತೀರಾ?"

"ಬಿಡಿಸದೆ ಹೇಗೆ? ಮೊದಲ್ನೇ ಹಾಳೇಲಿ ಹೆಸರಿರತ್ತಲ್ಲ. ಯಾರದ್ದು ಅಂತ ಬರೀಬೇಕಲ್ಲ. ಯಾಕೆ, ಅಪ್ಪನ್ನ ನೋಡೋಕೆ ಭಯ ಆಗ್ತಿದ್ಯಾ? ನೀನು ಬರ್ಬೇಡ ಬಿಡು. ನಾನಿರ್ತೀನಲ್ಲ, ನಾನು ನೋಡ್ಕೋತೀನಿ."

ರಾಗ್ನಾ ತಲೆಯಾಡಿಸಿದಳು. ಹೌದು ಎಂದೋ ಇಲ್ಲ ಎಂದೋ ಅವಳಿಗೇ ತಿಳಿಯಲಿಲ್ಲ. ಸೋಮವಾರ ಗುನ್ವೋರ್ ಕನ್ನಡಕ ಏರಿಸಿಕೊಂಡು, ಕರವಸ್ತ್ರ ಬಿಚ್ಚಿ, ದುಂಡಗಿನ ಅಕ್ಷರದಲ್ಲಿ ಪಟ್ಟಿ ಮಾಡಲು ಹೆಸರು ಹುಡುಕುತ್ತಾಳೆ. ಹೆಸರಿರುವುದಿಲ್ಲ. ಹಾಳೆ ತಿರುವುತ್ತಾಳೆ. ಕೊನೆಯ ಹಾಳೆಗೆ ಬರುತ್ತಾಳೆ. ಆಮೇಲೆ ತಲೆಯೆತ್ತುತ್ತಾಳೆ.

ಐವತ್ತಮೂರರ ಆ ಶನಿವಾರ ಮಧ್ಯಾಹ್ನ ಹೊಸ ಹಿಮ ಬಿದ್ದಿರಲಿಲ್ಲ, ಬರೀ ಚಳಿ. ಎರಡು ಗಂಟೆಗೆ ಚರ್ಚಿನಲ್ಲಿ ಹಾಡಿನ ಅಭ್ಯಾಸ. ಆರ್ಗನ್ನಿಗೆ ಗಾಳಿ ತುಂಬಲು ಹಿಂದೆ ನಿಂತು ತಿದಿ ತುಳಿಯುತ್ತಿದ್ದವನು ಎಂಬ್ರಿಕ್. ಸ್ವಂತ ನೆಲವಿಲ್ಲದ ಮನುಷ್ಯ, ಬಾಯಲ್ಲಿ ಸದಾ ಒಂದು ಪೈಪು. ಮೂರಕ್ಕೆ ಎಲ್ಲರೂ ಮನೆಗೆ ಹೋದರು. ನಾಲ್ಕೂವರೆಗೆ ಗಂಟೆಗೋಪುರದ ಕೆಳಗಿನ ಪಡಸಾಲೆಯಿಂದ ಹೊಗೆ ಬಂತು. ಇನ್ನೂರು ವರ್ಷದ ಮರ, ಟಾರು ಬಳಿದ ಮರ, ಎಷ್ಟು ಹೊತ್ತು? ಅಪ್ಪ ಒಳನುಗ್ಗಿ ದೀಕ್ಷಾಸ್ನಾನದ ಹಿತ್ತಾಳೆ ಬಟ್ಟಲನ್ನು ಎತ್ತಿಕೊಂಡು ಬಂದ, ಎರಡೂ ಅಂಗೈ ಸುಟ್ಟಿದ್ದವು. ಹೊಸ ಚರ್ಚು ಕಟ್ಟಿದಾಗ ಬಟ್ಟಲಿನ ಕಂಬಕ್ಕೆ ಒಂದು ತಗಡು ಹೊಡೆದರು: ಇದನ್ನು ಬೆಂಕಿಯಿಂದ ಉಳಿಸಿದವನು ಹಾಲ್ವರ್. ಅಪ್ಪ ಆ ತಗಡು ಬೇಡವೆಂದು ಮೂರು ಸಲ ಪಾದ್ರಿಯ ಮನೆಗೆ ಹೋಗಿಬಂದ. ಊರವರು ಅದನ್ನೂ ಅವನ ದೊಡ್ಡತನವೆಂದೇ ಎಣಿಸಿದರು. ಆ ಬಟ್ಟಲನ್ನು ಒರೆಸಬೇಕಾದಾಗಲೆಲ್ಲ ಅವನು ಅಮ್ಮನನ್ನು ಕಳಿಸುತ್ತಿದ್ದ. ಬಟ್ಟಲಿನ ವಿಷಯವನ್ನು ರಾಗ್ನಾ ತನ್ನ ಪುಸ್ತಕದಲ್ಲಿ ಒಂದೂವರೆ ಪುಟ ಬರೆದಿದ್ದಾಳೆ.

ಎಂಬ್ರಿಕನನ್ನು ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ, ದೂರು ಕೊಡಲಿಲ್ಲ. ತೂನವಿಕ್ಕಿನಲ್ಲಿ ಹಾಗೆಲ್ಲ ಮಾಡುವುದಿಲ್ಲ. ಶಾಲೆಯ ಕೋಣೆಯಲ್ಲಿ ಭಾನುವಾರದ ಪ್ರಾರ್ಥನೆ ನಡೆಯುವಾಗ ಅವನ ಸಂಸಾರ ಕೂತ ಬೆಂಚಿನಲ್ಲಿ ಬೇರೆ ಯಾರೂ ಕೂರಲಿಲ್ಲ, ಅಷ್ಟೆ. ಹೊಸ ಚರ್ಚಿನ ಆರ್ಗನ್ನಿಗೆ ವಿದ್ಯುತ್ತಿನ ಗಾಳಿಯಂತ್ರ ತಂದರು. ಅವನು ಮೀನೆಣ್ಣೆ ಕಾರ್ಖಾನೆಗೆ ಕೆಲಸಕ್ಕೆ ಹೋದ, ಕ್ರಿಸ್ಮಸ್ಸಿಗೆ ಬರುತ್ತೇನೆಂದ, ಮೂರನೆಯ ಕ್ರಿಸ್ಮಸ್ಸಿಗೆ ಒಂದು ಕಾಗದ ಬಂತು, ಅದು ಅವನು ಬರೆದದ್ದಾಗಿರಲಿಲ್ಲ. ಶಾಲೆಯಲ್ಲಿ ಗುನ್ವೋರ್ ರಾಗ್ನಾಳ ಪಕ್ಕದ ಜಾಗದಿಂದ ಕಿಟಕಿಯ ಪಕ್ಕದ ಒಂಟಿ ಜಾಗಕ್ಕೆ ಹೋದಳು. ಯಾರು ಕಳಿಸಿದರು? ಯಾರೂ ಕಳಿಸಲಿಲ್ಲ. ಒಂದು ದಿನ ಅಲ್ಲಿ ಕೂತಿದ್ದಳು. ರಾಗ್ನಾ ತಿರುಗಿ ನೋಡಲಿಲ್ಲ. ಪುಸ್ತಕ ಬರೆಯುವಾಗ ಅವಳು ಮರ್ಯಾದೆಗೆಂದು ಗುನ್ವೋರಳ ಅಡುಗೆಮನೆಗೂ ಪೆನ್ಸಿಲು ಹಿಡಿದು ಹೋಗಿದ್ದಳು. "ಒಂದು ವಿಷ್ಯ ಬರ್ಕೋ," ಎಂದಿದ್ದಳು ಗುನ್ವೋರ್, "ಅಪ್ಪನ ಪೈಪಲ್ಲಿ ಹೊಗೆಸೊಪ್ಪೇ ಇರ್ತಿರ್ಲಿಲ್ಲ. ಕೊಳ್ಳೋಕೆ ಎಲ್ಲಿತ್ತು? ಖಾಲಿ ಪೈಪು ಕಚ್ಕೊಂಡಿರ್ತಿದ್ದ, ಹಲ್ಲಿಗೆ ಅಭ್ಯಾಸ ಆಗಿತ್ತು." ರಾಗ್ನಾ ಬರೆದುಕೊಂಡಳು. ಅಚ್ಚಿಗೆ ಕೊಡಲಿಲ್ಲ. ಎರಡನೆಯ ಮುದ್ರಣದಲ್ಲಿ ಸ್ವೆನ್ನುಂಗನ ಅಜ್ಜನ ಕುದುರೆಯ ಹೆಸರು ತಪ್ಪಾಗಿದೆಯೆಂದು ತಿದ್ದಿ ಅರ್ಧ ಪುಟ ಸೇರಿಸಿದಳು.

ಅವಳು ಓಡ್ವಾರನ ಹತ್ತಿರ ಹೋದಳು. ಕಾಲು ತಾನಾಗಿ ಹೋಯಿತು. ಅವನು ಗೋಡೆಗೂ ಸಾಲಿಗೂ ನಡುವೆ ಅಳತೆಯ ಟೇಪು ಹಿಡಿದಿದ್ದ.

"ಓಡ್ವಾರ್, ಅಪ್ಪಂದು ಪೆಟ್ಟಿಗೆ ತೆಗೀದೆ ಹಾಗೇ ಸಾಗಿಸೋಕಾಗಲ್ವೇನೋ?"

"ಪೆಟ್ಟಿಗೆ ಎಲ್ಲಿರತ್ತೆ ಟೀಚರ್? ಹಲಗೆ ಹಿಟ್ಟಾಗಿರತ್ತೆ. ಒಳಗಿನ ಗಂಟು ಮಾತ್ರ ಗಟ್ಟಿ. ಅದನ್ನ ಬಿಚ್ಚಿ, ಹೊಸ ಪೆಟ್ಟಿಗೇಲಿ ಇಟ್ಟು, ಈ ಸಲ ಸರಿಯಾಗಿ ಮಣ್ಣಿಗೆ ಹೋಗೋ ಹಾಗೆ ಮಾಡ್ಬೇಕು ಅಂತ ಕಾನೂನು."

"ನಾನೊಬ್ಳೇ ಇದ್ರೆ? ಗುನ್ವೋರ್ಗೆ ಯಾಕೆ ತೊಂದ್ರೆ..."

ಅವನು ಅವಳ ಮುಖ ನೋಡಿದ. ನಲವತ್ತು ವರ್ಷದ ಹಿಂದೆ ಗುಣಾಕಾರ ಬಾರದೆ ಅಳುತ್ತಿದ್ದವನು, ಈಗ ಅವಳ ತೋಳು ಹಿಡಿದು, ಮಗುವಿಗೆ ಹೇಳುವಂತೆ ಹೇಳಿದ. "ಭಯ ಪಡ್ಬೇಡಿ ಟೀಚರ್. ಕೆಟ್ಟದಾಗೇನೂ ಕಾಣಲ್ಲ. ಮೇಣದ ಹಾಗಿರ್ತಾರೆ, ಅಷ್ಟೆ. ಬಾಯಿ ಕೂಡ ಮುಚ್ಚೇ ಇರತ್ತೆ, ಪುಸ್ತಕ ಒತ್ಕೊಂಡಿರತ್ತಲ್ಲ." ಅವಳಿಗೆ ಅವಮಾನವಾಯಿತು, ಆದರೆ ಅದಕ್ಕಿಂತ ಹೆಚ್ಚಾಗಿ ಹೆದರಿಕೆ. ಅಪ್ಪನ ಬಾಯಿ ಮೂವತ್ತೆಂಟು ವರ್ಷದಿಂದ ಮುಚ್ಚಿದೆ, ಅವಳು ಇಟ್ಟದ್ದರಿಂದಲೇ ಮುಚ್ಚಿದೆ. ಅವನು ಹೇಳಬೇಕೆಂದು ಬರೆದಿಟ್ಟದ್ದನ್ನೇ ಅವನ ಬಾಯಿಗೆ ಬೆಣೆಯಾಗಿ ಹೊಡೆದಿದ್ದಳು. ಅವನು ಅದನ್ನು ಸುಡದೆ ಇಪ್ಪತ್ತಮೂರು ವರ್ಷ ಖಾನೆಯಲ್ಲಿ ಇಟ್ಟುಕೊಂಡಿದ್ದನಲ್ಲ, ಯಾರ ಕೈಗೆ ಸಿಗಲೆಂದು? ಇವಳ ಕೈಗೇ ಅಲ್ಲವೇ?

ಕೀರ್ತನೆ ಪುಸ್ತಕ ಈಗಲೂ ಅವಳ ಮನೆಯಲ್ಲಿದೆ. ಒಮ್ಮೆ ಅಮ್ಮ ಅದನ್ನು ನೋಡಿ, "ಇದು ಅಪ್ಪಂದಲ್ವಾ?" ಎಂದಳು. ಅಪ್ಪನ ಹತ್ತಿರ ಎರಡಿದ್ದವು ಎಂದು ರಾಗ್ನಾ ಹೇಳಿದಳು. ಅದು ಸುಳ್ಳೂ ಅಲ್ಲ.

ನಾಳೆ ಒಂದು ದಿನವಿದೆ. ಪಾದ್ರಿಯಮ್ಮನಿಗೆ ಫೋನು ಮಾಡಿ, ಒಪ್ಪಿಗೆ ಹಿಂತೆಗೆದುಕೊಂಡಿದ್ದೇನೆ ಎನ್ನಬಹುದು. ಕಾರಣ ಕೇಳುತ್ತಾಳೆ. ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ನಿಂತು, ಗಂಟು ಬಿಚ್ಚಿದ ಕೂಡಲೆ ಕೈಚಾಚಿ, ಇದು ಅಪ್ಪನದು, ಇದನ್ನು ಯಾರೂ ಮುಟ್ಟಬೇಡಿ ಎಂದು ಅಳಬಹುದು. ಅಳುವ ಮುದುಕಿಯ ಕೈಯಿಂದ ಪುಸ್ತಕ ಕಿತ್ತುಕೊಳ್ಳುವಷ್ಟು ಕೆಟ್ಟವರು ಯಾರಿದ್ದಾರೆ? ಗುನ್ವೋರಂತೂ ಅಲ್ಲ. ಗುನ್ವೋರ್ ಅವಳ ಬೆನ್ನು ಸವರಿಯಾಳು. ಈ ಉಪಾಯ ಎಷ್ಟು ಚೆನ್ನಾಗಿ ನಡೆಯುತ್ತದೆ ಎಂಬುದು ಅವಳಿಗೇ ಹೇಸಿಗೆಯೆನಿಸಿತು.

"ಟೀಚರ್," ಎಂದು ಓಡ್ವಾರ್ ಕೂಗಿದ. ಟೇಪನ್ನು ಎರಡು ಸಲ ಎಳೆದು, ಜೇಬಿನಿಂದ ಮಡಿಸಿದ ನಕ್ಷೆ ತೆಗೆದು, ಮೂಗಿನ ಹತ್ತಿರ ಹಿಡಿದಿದ್ದ. "ಒಳ್ಳೇ ಸುದ್ದಿ. ನಾನೇ ದಡ್ಡ, ಕಲ್ಲಿಂದ ಅಳೀಬೇಕಿತ್ತು, ಪಾಯದಿಂದ ಅಳ್ದಿದೀನಿ. ಅಗೆಯೋದು ಏಳನೇ ಗೋರಿಗೇ ನಿಲ್ಲತ್ತೆ. ನಿಮ್ಮಪ್ಪ ಎಂಟನೆಯವ್ರು, ಗೆರೆಯಿಂದ ಎರಡು ಅಡಿ ಆಚೆ. ಮುಟ್ಟೋದೇ ಬೇಡ." ಅವನು ಬಂದು ಗೂಟವನ್ನು ಎರಡು ಸಲ ಅಲುಗಿಸಿ ಕಿತ್ತ. ಗೂಟ ಇದ್ದ ಕಡೆ ಸಣ್ಣ ತೂತು ಉಳಿಯಿತು. ಬೂಟಿನಲ್ಲಿ ಅದನ್ನು ಮುಚ್ಚಿದ. "ಇನ್ನು ನೂರು ವರ್ಷ ಹಾಯಾಗಿ ಮಲಗ್ಲಿ. ಪ್ಲಾಸ್ಟಿಕ್ಕಲ್ಲಿದ್ದಾರೆ, ಅವ್ರಿಗೇನು."

"ಹೌದಾ," ಎಂದಳು ರಾಗ್ನಾ. "ಒಳ್ಳೇದಾಯ್ತಪ್ಪ."

ಹೆದರಿಕೆ ಈಗ ಹೋಗಬೇಕಿತ್ತು. ಅವಳು ಅದು ಹೋಗುವುದನ್ನೇ ಕಾದಳು, ಹಲ್ಲುನೋವಿನ ಮಾತ್ರೆ ನುಂಗಿ ಕಾಯುವ ಹಾಗೆ. ಹೋಗಲಿಲ್ಲ. ಬೆಳಿಗ್ಗೆಯಿಂದ ಇದ್ದದ್ದು ಸಿಕ್ಕಿಬೀಳುವ ಹೆದರಿಕೆ. ಈಗ ಬಂದದ್ದು ಬೇರೆ, ಇದಕ್ಕೆ ಹೆಸರಿಲ್ಲ. ಇನ್ನು ಯಾರೂ ಅವಳನ್ನು ಹಿಡಿಯುವುದಿಲ್ಲ. ಗೋಡೆ ಕಟ್ಟುತ್ತಾರೆ. ಗುನ್ವೋರ್ ಮುಂದಿನ ಮೇ ತಿಂಗಳಲ್ಲೂ ಹಾಲ್ವರನ ಮುಂದೆ ಎಲೆ ಗೋರುತ್ತಾಳೆ, ಒಂದು ವರ್ಷ ಗೋರುವುದಿಲ್ಲ, ಯಾಕೆಂದರೆ ಸತ್ತಿರುತ್ತಾಳೆ, ಪೈಪಿನ ಎಂಬ್ರಿಕನ ಮಗಳಾಗಿಯೇ. ಪುಸ್ತಕ ಮಾತ್ರ ಅಲ್ಲೇ ಇರುತ್ತದೆ, ಒಂದೊಂದು ಅಕ್ಷರವೂ ಓದುವ ಹಾಗೆ.

ಕಾಫಿಗೆ ಎಲ್ಲರೂ ಗೋಡೆಯಾಚೆ, ಕಡಲಂಚಿನ ಕಲ್ಲುಗಳ ಮೇಲೆ ಇಳಿದರು. ಗೋರಿದ ಎಲೆಗಳನ್ನೂ ಒಣಕೊಂಬೆಗಳನ್ನೂ ಅಲ್ಲಿ ರಾಶಿ ಹಾಕಿದ್ದರು. ದುಗ್ನಾಡಿನ ಕೊನೆಗೆ ಅದಕ್ಕೆ ಬೆಂಕಿ ಹಚ್ಚುವುದು ರೂಢಿ. ಗುನ್ವೋರ್ ತಾನು ಮಾಡಿ ತಂದಿದ್ದ ವಾಫಲ್‌ಗಳ ಮೇಲಿನ ಪ್ಲಾಸ್ಟಿಕ್ ಹಾಳೆ ಬಿಚ್ಚಿದಳು. ಆ ಸರಸರ ಸದ್ದಿಗೆ ರಾಗ್ನಾ ಮುಖ ತಿರುಗಿಸಿದಳು. "ತಿನ್ನು," ಎಂದಳು ಗುನ್ವೋರ್, ಒಂದನ್ನು ಜಾಮು ಸವರಿ ಮಡಿಸಿ ಅವಳ ಕೈಗಿಡುತ್ತ. "ನಿನ್ನಪ್ಪ ಉಳ್ಕೊಂಡ ಅಂತೆ. ಪಟ್ಟೀಲಿ ಒಂದು ಕಮ್ಮಿ ಆಯ್ತು ನಂಗೆ." ಆಮೇಲೆ ನೀರಿನ ಕಡೆ ನೋಡುತ್ತ, ಯಾಕೆ ನೆನಪಾಯಿತೋ, "ಶಾಲೆ ಹಿಂದೆ ಒಂದ್ಸಲ ಮಂಜಿನ ಜಾರುದಾರಿ ಮಾಡಿದ್ವಿ, ನೆನಪಿದ್ಯಾ? ನೀನು ನೀರು ತಂದು ತಂದು ಹೊಯ್ದೆ, ಗಟ್ಟಿಯಾಗ್ಲಿ ಅಂತ. ನನ್ನ ಮುಂದೆ ಕೂರಿಸ್ಕೊಂಡು ಕೆಳಗಿನ ತನಕ ಜಾರಿದ್ಯಲ್ಲ. ಅಷ್ಟು ನಕ್ಕಿದ್ದು ಆಮೇಲೆ ನೆನಪೇ ಇಲ್ಲ ನಂಗೆ."

ರಾಗ್ನಾಳಿಗೆ ನೆನಪಿತ್ತು. ಫೆಬ್ರವರಿ ಹದಿನಾಲ್ಕು, ಮಧ್ಯಾಹ್ನ. ಮನೆಯ ಬಕೆಟ್ಟು ಕೊಡಲು ಅಮ್ಮ ಒಪ್ಪಿರಲಿಲ್ಲ. ಚರ್ಚಿನ ಪಡಸಾಲೆಯಲ್ಲಿ ಒಂದಿತ್ತು, ಕಬ್ಬಿಣದ್ದು, ಬೂದಿ ತುಂಬುವುದು. ಒಂಬತ್ತು ವರ್ಷದ ಹುಡುಗಿ ಅದನ್ನು ಎರಡು ಕೈಯಲ್ಲಿ ಹಿಡಿದು, ತೊಡೆಗೆ ಬಡಿಸಿಕೊಳ್ಳುತ್ತ ಒಯ್ದಿದ್ದಳು. ಕತ್ತಲಾಗುವ ಮೊದಲು ಇಟ್ಟುಬಿಡೋಣ ಎಂದುಕೊಂಡಿದ್ದಳು. ಅಪ್ಪನ ಕೊನೆಯ ಹಾಳೆಯಲ್ಲಿ ನಾಲ್ಕೇ ಸಾಲು: "ಮೂರೂಕಾಲಿಗೆ ಬೂದಿ ತೆಗೆದೆ. ಬಕೆಟ್ಟು ಜಾಗದಲ್ಲಿರಲಿಲ್ಲ. ಮೀನಿನ ಮರದ ಪೆಟ್ಟಿಗೆಗೆ ಹಾಕಿ ಪಡಸಾಲೆಯಲ್ಲಿಟ್ಟೆ. ತಪ್ಪು ನನ್ನದು, ಬೇರೆ ಯಾರದ್ದೂ ಅಲ್ಲ." ಬೇರೆ ಯಾರದ್ದೂ ಅಲ್ಲ ಎಂಬುದರ ಕೆಳಗೆ ಎರಡು ಗೆರೆ. ಬಕೆಟ್ಟು ಎಲ್ಲಿತ್ತೆಂದು ಮರುದಿನ ಅವನಿಗೆ ಗೊತ್ತಾಗಿರಬೇಕು. ಮನೆಯ ಹಿಂದಿನ ಹಿಮದಲ್ಲಿ ಅದು ಬಿದ್ದಿತ್ತು. ಒಂದು ದಿನವೂ ಕೇಳಲಿಲ್ಲ. ಮಗಳ ಹೆಸರು ಬರಬಾರದೆಂದು ಅಪ್ಪ ಬಾಯಿಬಿಡಲಿಲ್ಲ, ಅಪ್ಪನ ಹೆಸರು ಉಳಿಸುತ್ತಿದ್ದೇನೆ ಎಂದುಕೊಂಡು ಮಗಳು ತನ್ನ ತಪ್ಪನ್ನೇ ಮುಚ್ಚಿದಳು.

"ಹಚ್ಚೋಣ್ವಾ?" ಎಂದು ಸ್ವೆನ್ನುಂಗ್ ಎದ್ದ. ಕಡ್ಡಿಪೆಟ್ಟಿಗೆಯನ್ನು ಕೈಯಲ್ಲಿ ಕುಲುಕಿದ. "ಯಾರು ಹಚ್ತೀರಾ? ನೋಡ್ಕೊಳ್ರಪ್ಪ, ಗುನ್ವೋರ್ ಕೈಗೆ ಕೊಡ್ಬೇಡಿ. ಈ ಚರ್ಚು ಇನ್ನೂ ಹೊಸದು."

ಎಲ್ಲರೂ ನಕ್ಕರು. ಪ್ರತಿ ವರ್ಷ ನಗುವ ನಗು, ಅದರಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಸ್ವೆನ್ನುಂಗ್ ಹುಟ್ಟುವ ಮೊದಲೇ ಚರ್ಚು ಸುಟ್ಟಿತ್ತು. ಗುನ್ವೋರಳೂ ನಕ್ಕಳು. "ಹೌದಪ್ಪ, ನನ್ನ ನಂಬ್ಬೇಡಿ," ಎಂದಳು, ಮತ್ತು ಎಂದಿನಂತೆ ಎರಡು ಹೆಜ್ಜೆ ಹಿಂದೆ ಸರಿದು ಎರಡೂ ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. ಕೈ ಕಾಣದ ಹಾಗೆ. ಬೆಂಕಿ ಇರುವ ಕಡೆ ಅವಳು ಅರವತ್ತು ವರ್ಷದಿಂದ ಹಾಗೇ ನಿಲ್ಲುತ್ತಿದ್ದಳು. ಈ ನಗುವಿನಲ್ಲಿ ರಾಗ್ನಾಳೂ ಎಷ್ಟೋ ಸಲ ಸೇರಿದ್ದಳು. ಜೇಬಿಗೆ ಇಳಿದ ಕೈಗಳನ್ನು ನೋಡಿದ್ದು ಇವತ್ತೇ.

"ಓಡ್ವಾರ್," ಎಂದಳು. ದನಿ ತನ್ನದೆನಿಸಲಿಲ್ಲ, ತೆಳ್ಳಗಿತ್ತು. "ಆ ಗೂಟ ವಾಪಸ್ ಹೊಡಿ. ಅಪ್ಪನ್ನ ತೆಗೀಬೇಕು."

"ಬೇಡ ಅಂದ್ನಲ್ಲ ಟೀಚರ್, ಗೆರೆಯಾಚೆ..."

"ತೆಗೀಬೇಕು ಕಣೋ. ಅವನ ಗದ್ದದ ಕೆಳಗಿರೋದು ಕೀರ್ತನೆ ಪುಸ್ತಕ ಅಲ್ಲ. ಚರ್ಚಿನ ಒಲೆಪುಸ್ತಕ. ನಾನಿಟ್ಟಿದ್ದು."

ಸ್ವೆನ್ನುಂಗನ ಬೆರಳಲ್ಲಿ ಕಡ್ಡಿ ಹೊತ್ತಿಕೊಂಡಿತ್ತು, ಅವನು ಅದನ್ನು ಊದಿ ಆರಿಸಿದ. ರಾಗ್ನಾಳಿಗೆ ಕೂತುಬಿಡಬೇಕೆನಿಸಿತು, ಆದರೆ ಕೂತರೆ ಇಷ್ಟಕ್ಕೇ ನಿಲ್ಲಿಸಿಬಿಡುತ್ತೇನೆ ಎಂದು ಅವಳಿಗೆ ಗೊತ್ತಿತ್ತು. ಇಷ್ಟಕ್ಕೇ ನಿಂತರೆ ತಪ್ಪೆಲ್ಲ ಅಪ್ಪನದಾಗುತ್ತದೆ; ಎರಡು ಗೆರೆ ಎಳೆದು ಅವನು ಹೇಳಿದ್ದೂ ಅದನ್ನೇ. ಗುನ್ವೋರಳ ಕಡೆ ತಿರುಗಿದಳು. ಅವಳ ಕೈ ಇನ್ನೂ ಜೇಬಿನಲ್ಲೇ ಇತ್ತು.

"ನಿನ್ನಪ್ಪ ಅಲ್ಲ ಗುನ್ವೋರ್. ಬೂದಿ ಮರದ ಪೆಟ್ಟಿಗೇಲಿಟ್ಟಿದ್ದು ನನ್ನಪ್ಪ. ಬಕೆಟ್ಟು ಇರ್ಲಿಲ್ಲ ಅವನಿಗೆ. ಬಕೆಟ್ಟು ನಾನು ಒಯ್ದಿದ್ದೆ."

"ಯಾವ ಬಕೆಟ್ಟು?" ಎಂದಳು ಗುನ್ವೋರ್.

"ಜಾರೋಕೆ ನೀರು ತಂದಿದ್ದು," ಎಂದಳು ರಾಗ್ನಾ.